ಗಂಜಾಂನಲ್ಲಿ ನಮ್ಮೂರಿನವರು

ಮತ್ತೆ ನಮ್ಮೂರು, ತುಮಕೂರು ಜಿಲ್ಲೆ ಶಿರಾದ ಪುರಾಣ ಶುರು ಮಾಡಿದ ಅಂತ ಬೈಕೊಳ್ಳಿ, ಪರವಾಗಿಲ್ಲ. ಭಾನುವಾರದಿಂದ ಹೊಟ್ಟೆ ಉರಿಯುತ್ತಿದೆ.

ಅಮ್ಮನಿಗೆ ನಿಮಿಷಾಂಬ ದರ್ಶನ ಮಾಡಿಸೋಣ ಅಂತ ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ ಹೋಗಿದ್ದೆವು. ಅಲ್ಲಿಗೆ ಹೋದ ಮೇಲೆ ದರಿಯಾ ದೌಲತ್ ನೋಡದೆ ಬರೋಕಾಗುತ್ತಾ? ಟಿಪ್ಪುವಿನ 1784ರ ಬೇಸಿಗೆ ಅರಮನೆ, ತೇಗದ ಕಂಬಗಳು, ಸುತ್ತ ತೋಟ, ಮಗ್ಗುಲಲ್ಲೇ ಕಾವೇರಿ. ಬಿಸಿಲು ಬೀಳದಂತೆ ಇಳಿಬಿಟ್ಟ ಹಸಿರು ಪರದೆ ದಾಟಿದರೆ ಗೋಡೆ ತುಂಬ ಚಿತ್ರ: ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ. ಸೋತ ಬೈಲಿ ಸಾಹೇಬ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಮಗಳು ಅದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ಚೆನ್ನಾಗಿದೆ, ಇಲ್ಲ ಅನ್ನಲ್ಲ.

ಗೈಡ್ ಒಬ್ಬರು ಗುಂಪಿಗೆ ವಿವರಿಸುತ್ತಿದ್ದರು. ಪರ್ಷಿಯಾ ಅಂದರು, ಮೊಘಲರು ಅಂದರು, ದೆಹಲಿ ಅಂದರು. ಶಿರಾ ಅನ್ನಲಿಲ್ಲ. ನಾನು ಸುಮ್ನಿರಬೇಕಿತ್ತು. ಇರಲಿಲ್ಲ. "ಶಿರಾದಲ್ಲಿ ಮೊಘಲರ ಸುಬೇದಾರ ದಿಲಾವರ್ ಖಾನ್ ಕಟ್ಟಿಸಿದ ಅರಮನೆಯೇ ಬೆಂಗಳೂರಿನ ಅರಮನೆಗೂ ಇಲ್ಲಿನದ್ದಕ್ಕೂ ಮಾದರಿ ಅಂತ ಹಳೇ ಗೆಜೆಟಿಯರ್‌ನಲ್ಲೇ ಇದೆ ಸಾರ್" ಅಂದೆ. ಅವರು ಮುಗುಳ್ನಕ್ಕರು. ಗುಂಪಲ್ಲಿದ್ದ ಹುಡುಗ, "ಶಿರಾ ಅಂದ್ರೆ ಕೇಸರಿಬಾತ್ ಅಲ್ವಾ?" ಅಂದ.

ಕೇಸರಿಬಾತ್ ಅಂತೆ! 1687ರಿಂದ ಮೊಘಲರ ಸುಬಾಕ್ಕೆ, ಅಂದ್ರೆ ಪ್ರಾಂತ್ಯಕ್ಕೆ, ರಾಜಧಾನಿಯಾಗಿದ್ದ ಊರು ಕಣಪ್ಪ. ಹೈದರ್ ಅಲಿಗೆ 1761ರಲ್ಲಿ ನವಾಬಗಿರಿ ಸಿಕ್ಕಿದ್ದೇ ಶಿರಾದ ಹೆಸರಲ್ಲಿ. ಲಾಲ್‌ಬಾಗ್ ಮಾಡೋ ಆಸೆ ಹುಟ್ಟಿದ್ದೂ ನಮ್ಮ ಶಿರಾದ ಖಾನ್ ಬಾಗ್ ತೋಟ ನೋಡಿ ಅಂತಾರೆ. ಅರಮನೆ ನಮ್ಮದು, ತೋಟ ನಮ್ಮದು. ಅದೂ ಸಾಲದು ಅಂತ ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದು ಗಂಜಾಂ ತುಂಬಿಸಿದ. ಜನವೂ ನಮ್ಮವರೇ! ಒಂದು ಸಲ ಹೆಸರು ಹೇಳೋಕೆ ಏನು ಕಷ್ಟ?

"ಅವರಿಗೆ ಕಾವೇರಿ ಇದೆ, ನಿಮಗೇನಿದೆ ಭಾವ, ಕಡ್ಲೆಕಾಯಿ" ಅಂತ ನನ್ನ ಭಾವಮೈದನ ವಾದ. (ಅವನು ಮಂಡ್ಯದವನು, ಬಿಡಿ.) ಸರಿ, ನೀರಿಲ್ಲ. ನೀರಿಲ್ಲದ ಊರಲ್ಲೇ ತೋಟ ಮಾಡಿ ತೋರಿಸಿದವರು ನಾವು. ಹೊಳೆ ದಂಡೆಯಲ್ಲಿ ಗಿಡ ಬೆಳೆಸೋದು ಏನು ಮಹಾ?

ಗಂಜಾಂನಲ್ಲಿ ದೇವಸ್ಥಾನದ ಮುಂದೆ ಹೂವು ಮಾರುತ್ತಿದ್ದ ಅಜ್ಜಿಯನ್ನೂ ಬಿಡಲಿಲ್ಲ. "ನಿಮ್ಮ ಹಿರೀಕರು ಶಿರಾ ಕಡೆಯವರಾ ಅಜ್ಜಿ?" "ಇಲ್ಲ ಕಣಪ್ಪ, ನಾವು ಇಲ್ಲಿಯವರೇಯ. ಶಿರಾ ಎಲ್ಲಿ ಬತ್ತದೆ?" ಎರಡು ಮೊಳ ಮಲ್ಲಿಗೆ ತಗೊಂಡು ಬಂದೆ.

ವಾಪಸ್ ಬರುವಾಗ ಕಾರಲ್ಲಿ ಮಗಳು ಕೇಳಿದಳು, "ಅಪ್ಪಾ, ಖಾನ್ ಬಾಗ್ ಎಲ್ಲಿದೆ? ಮುಂದಿನ ಭಾನುವಾರ ತೋರಿಸ್ತೀಯಾ?"

ನಲವತ್ತೆರಡು ವರ್ಷದಿಂದ ಆ ಊರಲ್ಲಿದ್ದೀನಿ. ಶಿರಾ ಆಳಿದ ಮಲಿಕ್ ರಿಹಾನ್ ಗೋರಿ ಗೊತ್ತು, ಅದರ ಹತ್ತಿರವೇ ಕ್ರಿಕೆಟ್ ಆಡಿ ಬೆಳೆದವನು. ಜುಮ್ಮಾ ಮಸೀದಿ ಗೊತ್ತು, ಕೋಟೆ ಗೊತ್ತು. ಖಾನ್ ಬಾಗ್ ಇದ್ದಿದ್ದು ಇಲ್ಲೇ ಅಂತ ಬೆರಳು ಮಾಡಿ ತೋರಿಸೋಕೆ ನನಗೇ ಬರಲ್ಲ. "ಅಮ್ಮಾ, ನೀರಿನ ಬಾಟಲಿ ಎಲ್ಲಿ?" ಅಂತ ಮಾತು ಮರೆಸಿದೆ.

ಶಿರಾದ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಇನ್‌ಬಾಕ್ಸ್‌ನಲ್ಲಿ ಜಾಗ ಹೇಳಿ. ಭಾನುವಾರದ ಒಳಗೆ.