ಬಿಳಿ ಬೆಲ್ಟಿಗೊಂದು ಶಾಲು

ಕಳೆದ ತಿಂಗಳು ಕಲಬುರಗಿಯ ಜಗತ್ ವೃತ್ತದ ಹತ್ತಿರ ಒಂದು ಫ್ಲೆಕ್ಸ್ ಕಂಡಿತು. ‘ಜಿಯು-ಜಿಟ್ಸುವಿನಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದು ಕಲ್ಯಾಣ ಕರ್ನಾಟಕದ ಕೀರ್ತಿ ಹೆಚ್ಚಿಸಿದ ಬಾಲ ಕಲಿಗೆ ಹಾರ್ದಿಕ ಅಭಿನಂದನೆಗಳು.’ ಕಲಿಗೆ ಒಂಬತ್ತು ವರ್ಷ. ಅವನ ಚಿತ್ರ ಮೂಲೆಯಲ್ಲಿ ಅಂಗೈಯಷ್ಟು. ಅಭಿನಂದಿಸುವವರು ಇಪ್ಪತ್ತೆರಡು ಮಂದಿ, ಹೆಚ್ಚಿನವರು ಕಪ್ಪು ಕನ್ನಡಕ ಹಾಕಿ ಕಿವಿಗೆ ಮೊಬೈಲ್ ಹಿಡಿದವರು.

ನೆಲದ ಮೇಲೆ ಪಟ್ಟು ಹಾಕಿ ಸೆಣಸುವ ಈ ಬ್ರೆಜಿಲಿಯನ್ ವಿದ್ಯೆಯ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಕಪ್ಪು ಬೆಲ್ಟಿಗೆ ಕನಿಷ್ಠ ವಯಸ್ಸು 19. ಹದಿನಾರರವರೆಗೆ ನೀಲಿ ಬೆಲ್ಟೂ ಇಲ್ಲ. ಮಕ್ಕಳಿಗೆ ಬೂದು, ಹಳದಿ, ಕಿತ್ತಳೆ, ಹಸಿರು ಎಂದು ಬೇರೆಯೇ ಮೆಟ್ಟಿಲುಗಳಿವೆ. ದೊಡ್ಡವರಿಗೆ ಬಿಳಿಯಿಂದ ಕಪ್ಪಿಗೆ ತಲುಪಲು ಹತ್ತು ವರ್ಷ ಹಿಡಿಯುವುದು ಸಾಮಾನ್ಯ. ನಮ್ಮೂರಿನಲ್ಲಿ ಆ ಕಲಿಯ ತರಗತಿಗೆ ತೊಂಬತ್ತೇ ದಿನ, ಪ್ರಮಾಣಪತ್ರ ಮತ್ತು ಫೋಟೊ ಸೇರಿ. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆಯಲ್ಲಿ ತೊಗರಿಗೇ ಐದಾರು ತಿಂಗಳು ಬೇಕು. ಕಪ್ಪು ಬೆಲ್ಟು ಅದರ ಅರ್ಧ ಕಾಲದಲ್ಲಿ ಕಟಾವಿಗೆ ಬರುತ್ತದೆ.

ನಾನು ಹೋಗುವುದು ಅದರ ಎದುರಿಗೆ, ರಸ್ತೆಯ ಈಚೆ ಬದಿಯ ತರಗತಿಗೆ. ಟೈರ್ ಅಂಗಡಿಯ ಮೇಲಿನ ಒಂದು ಹಾಲ್, ಆರು ಮಂದಿ ವಿದ್ಯಾರ್ಥಿಗಳು, ತಿರುಗಲೋ ಬೇಡವೋ ಎಂದು ಯೋಚಿಸುವ ಎರಡು ಫ್ಯಾನು. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇರುವಾಗ ಒಳಗೆ ರಜಾಯಿಯಂಥ ದಪ್ಪ ಹತ್ತಿಯ ಅಂಗಿ ತೊಟ್ಟು ಒಬ್ಬರನ್ನೊಬ್ಬರು ತಬ್ಬಿ ಹೊರಳಾಡುತ್ತೇವೆ. ನಲವತ್ತೇಳನೆಯ ವಯಸ್ಸಿನಲ್ಲಿ ಇದೇಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಉತ್ತರ ಸಿಕ್ಕಿಲ್ಲ.

ಒಮ್ಮೆ ನಮ್ಮ ಓಣಿಯ ಹಳೆಯ ಪೈಲ್ವಾನರು ನೋಡಲು ಬಂದರು. ಜಾತ್ರೆಯ ಕುಸ್ತಿಯಲ್ಲಿ ಬೆಳ್ಳಿ ಕಡಗ ಗೆದ್ದವರು. ಆಗ ನಾನು ಅಂಗಾತ ಮಲಗಿ, ಕಾಲೇಜು ಹುಡುಗನೊಬ್ಬನ ಸೊಂಟವನ್ನು ಎರಡೂ ಕಾಲುಗಳಿಂದ ಬಳಸಿ ಹಿಡಿದಿದ್ದೆ. ಇದಕ್ಕೆ ‘ಗಾರ್ಡ್’ ಎನ್ನುತ್ತಾರೆ, ಇದು ಸೋಲಲ್ಲ, ರಕ್ಷಣೆಯೂ ಹೌದು, ದಾಳಿಯೂ ಹೌದು ಎಂದು ಮಲಗಿದಲ್ಲಿಂದಲೇ ವಿವರಿಸಿದೆ. ಅವರು ಬಹಳ ಹೊತ್ತು ನೋಡಿದರು. “ತಮ್ಮಾ, ಬೆನ್ನು ಮಣ್ಣಿಗೆ ತಾಗಿದರೆ ನಾವು ಹಲಗೆ ಬಾರಿಸುವುದನ್ನು ನಿಲ್ಲಿಸಿ ಮನೆಗೆ ಹೋಗುತ್ತಿದ್ದೆವು. ನೀವು ಅಲ್ಲಿಂದಲೇ ಶುರು ಮಾಡುತ್ತೀರಲ್ಲ!”

ಮೈಮೇಲೆ ಕುಳಿತವನ ಕೆಳಗಿನಿಂದ ಜಾರಿಕೊಳ್ಳಲು ಸಿಗಡಿಯ ಹಾಗೆ ಸೊಂಟ ಮಡಿಚಿ ಹಿಂದೆ ಸರಿಯಬೇಕು ಎಂದು ಗುರುಗಳು ದಿನವೂ ಹೇಳುತ್ತಾರೆ. ಸಮುದ್ರವಿಲ್ಲದ ಊರಿನ ಸಸ್ಯಾಹಾರಿ ನಾನು; ಸಿಗಡಿಯನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ಮೊದಲ ಆರು ತಿಂಗಳು ಕೈ ನೀಟಾಗಿ ಚಾಚಿ ಎದುರಾಳಿಯನ್ನು ತಳ್ಳುತ್ತಿದ್ದೆ, ಅವನು ಪ್ರತಿ ಸಲವೂ ಆ ಕೈಯನ್ನೇ ಬಹುಮಾನದಂತೆ ಸ್ವೀಕರಿಸಿ ಮೊಣಕೈಯನ್ನು ಉಲ್ಟಾ ಬಾಗಿಸುತ್ತಿದ್ದ. ತಳ್ಳಬೇಕಾದದ್ದು ಅವನನ್ನಲ್ಲ, ಸರಿಯಬೇಕಾದದ್ದು ನನ್ನ ಸೊಂಟ ಎಂಬುದು ತಲೆಗೆ ಹೋಗುವಷ್ಟರಲ್ಲಿ ಮೊಣಕೈ ಮಳೆ ಬರುವುದನ್ನು ಮುಂಚಿತವಾಗಿ ಹೇಳತೊಡಗಿತ್ತು.

ಆದರೆ ನಮ್ಮ ತರಗತಿಯ ಮೊದಲ ಪಾಠ ಇದ್ಯಾವುದೂ ಅಲ್ಲ. ಪಟ್ಟು ಬಿಗಿದಾಗ ಎದುರಾಳಿಯ ಮೈಮೇಲೋ ನೆಲದ ಮೇಲೋ ಎರಡು ಸಲ ತಟ್ಟುವುದು: ಒಪ್ಪಿದೆ, ಬಿಡು. ತಟ್ಟಿದ ಕ್ಷಣ ಬಿಡಬೇಕು. ಇದನ್ನು ನೋಡಿ ಒಬ್ಬ ತಂದೆ ಕೆರಳಿದರು. “ಸೋಲುವುದನ್ನು ಕಲಿಸುವುದಕ್ಕೆ ಶುಲ್ಕ ಬೇರೆ ಕೊಡಬೇಕೇ? ಅದು ನಮ್ಮ ಮನೆಯಲ್ಲೇ ಪುಕ್ಕಟೆ ಬರುತ್ತದೆ!” ಕ್ರೀಡಾ ಕೋಟಾದಲ್ಲಿ ಮೆಡಿಕಲ್ ಸೀಟು ಸಿಗುತ್ತದೆಯೇ ಎಂದೂ ವಿಚಾರಿಸಿದರು. ಗುರುಗಳು ತಲೆ ಕೆರೆದುಕೊಂಡರು. ಹುಡುಗ ಮರುದಿನವೇ ರಸ್ತೆ ದಾಟಿದ. ಫ್ಲೆಕ್ಸಿನ ಮೂಲೆಯಲ್ಲಿದ್ದವನು ಅವನೇ.

ಪಾಪ, ಆ ತಂದೆಯನ್ನು ಪೂರ್ತಿ ದೂರುವಂತಿಲ್ಲ. ಜಪಾನಿನ ಜೂಡೊ ಪಟು ಮಿತ್ಸುಯೊ ಮಯೇದಾ 1914ರಲ್ಲಿ ಬ್ರೆಜಿಲಿಗೆ ಹೋಗಿ, ಮುಂದೆ ಅಲ್ಲಿನ ಕಾರ್ಲೋಸ್ ಗ್ರೇಸಿ ಎಂಬವನಿಗೆ ಕಲಿಸಿದ ವಿದ್ಯೆ ಇದು. ಕಾರ್ಲೋಸನ ತಮ್ಮ ಹೀಲಿಯೊ 1951ರಲ್ಲಿ ರಿಯೊದಲ್ಲಿ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾನ ಎದುರು ತೋಳು ಮುರಿದರೂ ತಟ್ಟಲಿಲ್ಲ. ಕೊನೆಗೆ ಅಣ್ಣನೇ ಟವೆಲ್ ಎಸೆದು ಪಂದ್ಯ ನಿಲ್ಲಿಸಿದ. ಅಷ್ಟರ ಮಟ್ಟಿಗೆ ಹೀಲಿಯೊ ನಮ್ಮೂರಿನವನೇ. ಆಮೇಲಿನದ್ದು ಮಾತ್ರ ನಮಗೆ ಹೊಂದುವುದಿಲ್ಲ: ತೋಳು ತಿರುಚುವ ಆ ಪಟ್ಟನ್ನು ಬ್ರೆಜಿಲಿನವರು ಗೆದ್ದವನ ಹೆಸರಿನಿಂದಲೇ ‘ಕಿಮುರಾ’ ಎಂದು ಕರೆದರು. ನಮ್ಮಲ್ಲಾಗಿದ್ದರೆ ಸೋತವನ ಅಭಿಮಾನಿಗಳು ‘ನೈತಿಕ ಗೆಲುವು’ ಎಂದು ಮೆರವಣಿಗೆ ತೆಗೆದು, ಕಿಮುರಾನ ಜಾತಿ ಪ್ರಮಾಣಪತ್ರ ಕೇಳುತ್ತಿದ್ದರು.

ಹದಿನಾಲ್ಕು ತಿಂಗಳಾದ ಮೇಲೆ ಗುರುಗಳು ನನ್ನ ಬಿಳಿ ಬೆಲ್ಟಿನ ತುದಿಗೆ ಒಂದು ಪಟ್ಟೆ ಅಂಟಿಸಿದರು. ಔಷಧ ಅಂಗಡಿಯಲ್ಲಿ ಸಿಗುವ ಬಿಳಿ ಟೇಪಿನ ತುಂಡು. ಇಂಥವು ನಾಲ್ಕು ಆದ ಮೇಲೆ ನೀಲಿಯ ಮಾತು. ಸಂತೋಷ ತಡೆಯದೆ ಮನೆಯಲ್ಲಿ ಬಾಯಿ ಬಿಟ್ಟೆ. ಭಾವಮೈದುನನಿಗೆ ಅಷ್ಟು ಸಾಕಾಯಿತು. ಭಾನುವಾರ ಬಡಾವಣೆಯ ಉದ್ಯಾನದಲ್ಲಿ ಶಾಮಿಯಾನ, ಧ್ವನಿವರ್ಧಕ, ಹತ್ತು ಅಡಿ ಫ್ಲೆಕ್ಸ್. ಟೇಪು ಎಂದರೆ ಜನರಿಗೆ ತಿಳಿಯುವುದಿಲ್ಲವೆಂದು ‘ಅಂತರರಾಷ್ಟ್ರೀಯ ಸಾಧಕ’ ಎಂದು ಬರೆಸಿದ್ದ.

ಮುಖ್ಯ ಅತಿಥಿಗಳು ನನಗೆ ಶಾಲು ಹೊದಿಸಿ, ಫೋಟೊದವನು ಇನ್ನೊಮ್ಮೆ ಎಂದಾಗ ಇನ್ನೊಮ್ಮೆ ಹೊದಿಸಿ, ಎರಡೂ ಸೆರಗುಗಳನ್ನು ಕೊರಳ ಹತ್ತಿರ ಹಿಡಿದುಕೊಂಡೇ ಮೈಕಿನತ್ತ ತಿರುಗಿದರು. ಕರಾಟೆಯಲ್ಲಿ ನಾನು ಮಾಡಿದ ಸಾಧನೆಯನ್ನು ಕೊಂಡಾಡಿದರು. ಹಾರ ಒತ್ತುತ್ತಿತ್ತು, ಶಾಲು ಬಿಗಿಯುತ್ತಿತ್ತು, ಭಾಷಣ ವಿಶ್ವಗುರು ಭಾರತದವರೆಗೆ ಬಂದಿತ್ತು. ಅಭ್ಯಾಸಬಲದಿಂದ ಕುರ್ಚಿಯ ಕೈಯನ್ನು ಎರಡು ಸಲ ತಟ್ಟಿದೆ.

ಅವರು ಅದನ್ನು ಚಪ್ಪಾಳೆ ಎಂದುಕೊಂಡು ಇನ್ನೂ ಹದಿನೈದು ನಿಮಿಷ ಮಾತಾಡಿದರು.