ಸುಂಕ ಇಲ್ಲದಿದ್ದರೂ ಅಡ್ಡಿ ಇದೆ

ಬ್ರಿಟನ್ನಿನ ಆರ್ಥಿಕ ಸಂಕಷ್ಟಕ್ಕೆ ಕೋವಿಡ್ ಮತ್ತು ಉಕ್ರೇನ್ ಯುದ್ಧವೇ ಕಾರಣ, ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬಂದದ್ದು) ಅಲ್ಲ ಎಂಬ ಲೇಖನವೊಂದರ ವಾದವನ್ನು ನಾನು ಒಪ್ಪುವುದಿಲ್ಲ. ಆ ಎರಡು ಹೊಡೆತ ಫ್ರಾನ್ಸ್, ಜರ್ಮನಿಗೂ ಬಿದ್ದವಲ್ಲ! 2021ರ ಜನವರಿಯಿಂದ ಒಕ್ಕೂಟದ ಜೊತೆ ಸುಂಕರಹಿತ ವ್ಯಾಪಾರ ಒಪ್ಪಂದವಿದೆ, ನಿಜ. ಆದರೆ ಕಸ್ಟಮ್ಸ್ ಘೋಷಣೆ, ಮೂಲ ದೇಶದ ದಾಖಲೆ, ಮಾಂಸ-ಮೀನಿಗೆ ಆರೋಗ್ಯ ಪ್ರಮಾಣಪತ್ರ ಎಲ್ಲ ಹೊಸದಾಗಿ ಬಂದವು. ದೊಡ್ಡ ಕಂಪನಿ ಇದಕ್ಕೆಂದೇ ಜನರನ್ನು ಇಟ್ಟುಕೊಳ್ಳುತ್ತದೆ. ಸ್ಕಾಟ್ಲೆಂಡಿನ ಸಣ್ಣ ಮೀನು ವ್ಯಾಪಾರಿ ಏನು ಮಾಡಬೇಕು? ಒಂದೆರಡು ದಿನ ತಡವಾದರೆ ಸರಕಿಗೆ ಬೆಲೆಯೇ ಇಲ್ಲ. ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ ಎಂದು ಅಂದಾಜಿಸಿದ್ದು ಬ್ರಿಟನ್ನಿನದೇ ಅಧಿಕೃತ ಆರ್ಥಿಕ ಮುನ್ನಂದಾಜು ಸಂಸ್ಥೆಯಾದ ಬಜೆಟ್ ಹೊಣೆಗಾರಿಕೆ ಕಚೇರಿ. ಸಾರ್ವಭೌಮತೆ ಬೇಕೆಂದು ಮತ ಹಾಕಿದವರನ್ನು ನಾನು ದೂರುವುದಿಲ್ಲ, ಅದು ಅವರ ಹಕ್ಕು. ನನ್ನ ಸಿಟ್ಟು 2016ರ ಜನಮತಗಣನೆಯ ಪ್ರಚಾರದ ಬಸ್ಸಿನ ಮೇಲೆ, ಒಕ್ಕೂಟಕ್ಕೆ ನಾವು ವಾರಕ್ಕೆ 35 ಕೋಟಿ ಪೌಂಡ್ ಕಳುಹಿಸುತ್ತೇವೆ ಎಂದು ಬರೆಸಿದವರ ಮೇಲೆ. ಆ ಪಾವತಿಯಲ್ಲಿ ಬ್ರಿಟನ್ನಿಗಿದ್ದ ರಿಯಾಯಿತಿಯನ್ನೂ ಆ ಲೆಕ್ಕದಲ್ಲಿ ಕಳೆದಿರಲಿಲ್ಲ.