ಬೆಟ್ಟದಲ್ಲಿ ಕಳೆದುಹೋದ ಯಜಮಾನರು

ನನಗೆ ಮದುವೆಯಾಗಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ, ಒಂದು ನವೆಂಬರ್ ತಿಂಗಳಲ್ಲಿ, ಕೊಡಗಿನ ತಡಿಯಂಡಮೋಳ್ ಬೆಟ್ಟದಲ್ಲಿ ನನ್ನ ಯಜಮಾನರು ಕಳೆದುಹೋದರು. ಅವರನ್ನು ಹುಡುಕಲು ನಾಲ್ವರು ಹುಡುಗರು ಮಂಜಿನಲ್ಲಿ ಒಂದು ತಾಸು ಕೂಗಾಡಿದರು.

ಒಬ್ಬಳೇ ಬೆಟ್ಟ ಹತ್ತುವ ಹೆಂಗಸನ್ನು ಕಂಡರೆ ನಮ್ಮ ಜನ ಕೇಳುವುದು ಒಂದೇ ಪ್ರಶ್ನೆ: "ಒಬ್ರೇನಾ?" ವಿರಾಜಪೇಟೆಯ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದರು, ಕಕ್ಕಬ್ಬೆಯ ಚಹಾದಂಗಡಿಯವರು ಕೇಳಿದರು, ರಾತ್ರಿ ಉಳಿದುಕೊಂಡಿದ್ದ ಮನೆಯ ಅಜ್ಜಿ ಅಕ್ಕಿ ರೊಟ್ಟಿ ಬಡಿಸುತ್ತಾ ಎರಡು ಸಲ ಕೇಳಿದರು. ಕೇಳುವವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಕನಿಕರದಿಂದಲೇ ಕೇಳುತ್ತಾರೆಂಬುದು ನನಗೂ ಗೊತ್ತು; ಉಳಿದ ಆ ಒಬ್ಬ ಯಾರೆಂಬುದು ಮುಖ ನೋಡಿ ತಿಳಿಯುವುದಿಲ್ಲವಾದ್ದರಿಂದ ಎಲ್ಲರಿಗೂ ಒಂದೇ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಬೇಕಾಗುತ್ತದೆ. ಹೀಗೆ ತಿರುಗಿ ಪಳಗಿದ ಗೆಳತಿಯೊಬ್ಬಳು ಆ ಉತ್ತರವನ್ನು ನನಗೆ ಕಲಿಸಿದ್ದಳು: "ಇಲ್ಲ, ಯಜಮಾನ್ರು ಹಿಂದೆ ಬರ್ತಿದ್ದಾರೆ." ಬೆನ್ನಚೀಲದಲ್ಲಿ ಒಂದು ಗ್ರಾಂ ಕೂಡ ತೂಗದ ರಕ್ಷಣೆ ಇದೊಂದೇ ಎಂಬುದು ಅವಳ ವಾದ.

ತೂಗುವ ರಕ್ಷಣೆಗಳಿಗೂ ಕೊರತೆಯಿರಲಿಲ್ಲ. ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತದಿರಲೆಂದು ಅಮ್ಮ ಕಾಲುಚೀಲಗಳಿಗೆ ನಶ್ಯ ತಿಕ್ಕಿ, ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೊಟ್ಟಿದ್ದಳು. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ, ಅಲ್ಲಿ ಚಾರಣಿಗರೆಲ್ಲ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನ ಒಯ್ಯುತ್ತಾರೆಂದೂ ನನಗೂ ಒಂದನ್ನು ತರುವೆನೆಂದೂ ಹೇಳಿದ. ಸರ್ಕಾರದ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧವೆಂದೂ, ಹಾಗೆ ತಂದ ವಿದೇಶಿಯರು ವಿಮಾನ ನಿಲ್ದಾಣದಲ್ಲೇ ಪೊಲೀಸರ ಕೈಗೆ ಸಿಕ್ಕದ್ದುಂಟೆಂದೂ ತಿಳಿಸಿ ಅವನನ್ನು ಸುಮ್ಮನಾಗಿಸಿದೆ. ಕೊನೆಗೆ ಒಂದು ಸೀಟಿ ಕೊಂಡೆ. ಮೂರು ಸಲ ಊದಿದರೆ ಅಪಾಯದ ಕರೆ ಎಂಬುದು ಚಾರಣಿಗರ ಲೋಕದಲ್ಲಿ ಹಲವೆಡೆ ಬಳಕೆಯಲ್ಲಿರುವ ಸಂಕೇತ. ಇನ್ನು ಫೋನು. 2017ರಿಂದ ನಮ್ಮಲ್ಲಿ ಮಾರಾಟವಾಗುವ ಮೊಬೈಲುಗಳಲ್ಲಿ ತುರ್ತು ಕರೆಯ ಗುಂಡಿ ಇರಲೇಬೇಕೆಂಬ ನಿಯಮವಿದೆಯಷ್ಟೆ. ನನ್ನದರಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ ಒತ್ತಿದರೆ ನಾನಿರುವ ಜಾಗದ ಸಮೇತ ಅಮ್ಮನಿಗೆ ಸಂದೇಶ ಹೋಗುವಂತೆ ಮಾಡಿಟ್ಟಿದ್ದೆ. ಈ ಗುಂಡಿಯ ವಿಷಯ ಮುಂದೆ ಬರುತ್ತದೆ.

ತಡಿಯಂಡಮೋಳ್ 1748 ಮೀಟರ್ ಎತ್ತರ; ಕೊಡಗಿನಲ್ಲಿ ಅದನ್ನು ಮೀರಿಸಿದ ಬೆಟ್ಟವಿಲ್ಲ. ದಾರಿ ಹೊರಡುವುದು ನಾಲ್ಕುನಾಡು ಅರಮನೆಯ ಬಳಿಯಿಂದ. ದೊಡ್ಡವೀರರಾಜೇಂದ್ರ 1792ರಿಂದ 1794ರ ನಡುವೆ ಕಟ್ಟಿಸಿದ ಈ ಅರಮನೆಯಲ್ಲಿಯೇ, 1834ರಲ್ಲಿ ಇಂಗ್ಲಿಷರು ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಬಂದು ಅಡಗಿದ್ದ. ಸೈನ್ಯವಿದ್ದ ಅರಸರೇ ಹೆದರಿ ಓಡಿಬಂದ ಜಾಗಕ್ಕೆ ನಾನು ಉಪ್ಪಿನ ಗಂಟು ಹಿಡಿದು ಬಂದಿದ್ದೆ.

ಈಗಿನಂತೆ ಆನ್‌ಲೈನಿನಲ್ಲಿ ಮೊದಲೇ ಟಿಕೆಟ್ ಕಾಯ್ದಿರಿಸುವ ಪದ್ಧತಿ ಆಗಿರಲಿಲ್ಲ. ಚೆಕ್‌ಪೋಸ್ಟಿನಲ್ಲಿ ದಪ್ಪನೆಯ ರಿಜಿಸ್ಟರಿನಲ್ಲಿ ಹೆಸರು, ಊರು, ಫೋನ್ ನಂಬರು, ಒಟ್ಟು ಎಷ್ಟು ಜನ, ಹೊರಟ ವೇಳೆ ಇವಿಷ್ಟನ್ನು ಬರೆದು ದುಡ್ಡು ಕಟ್ಟಿದರೆ ಆಯಿತು. ನಾನು ಬರೆಯುವಾಗ ಹಿಂದೆ ನಾಲ್ವರು ಹುಡುಗರು ಬಂದು ನಿಂತರು. ಒಬ್ಬನ ಕೊರಳಲ್ಲಿ ಹಲಗೆಯಷ್ಟು ದೊಡ್ಡ ಸ್ಪೀಕರ್ ಇತ್ತು. ಇನ್ನೊಬ್ಬ ನನ್ನ ಭುಜದ ಮೇಲಿನಿಂದ ರಿಜಿಸ್ಟರನ್ನೇ ನೋಡುತ್ತಿದ್ದ. "ಒಟ್ಟು ಜನ" ಎಂಬಲ್ಲಿಗೆ ಬಂದ ನನ್ನ ಪೆನ್ನು ಒಂದು ಕ್ಷಣ ನಿಂತು, ಆಮೇಲೆ 2 ಎಂದು ಬರೆಯಿತು. ಗಾರ್ಡ್ ತಲೆಯೆತ್ತಿ "ಇನ್ನೊಬ್ರು?" ಎಂದರು. "ನಮ್ಮ ಯಜಮಾನ್ರು. ಹಿಂದೆ ಬರ್ತಿದ್ದಾರೆ." ಹೆಸರನ್ನೂ ಕೇಳುವರೆಂದು ನಾನು ಎಣಿಸಿರಲಿಲ್ಲ. ಎದುರಿಗೆ ನಿಂತಿದ್ದ ಜೀಪಿನ ಗಾಜಿನ ಮೇಲೆ ಪ್ರಕಾಶ್ ಎಂದು ಬರೆದಿತ್ತು, ಅದನ್ನೇ ಹೇಳಿದೆ. ಹುಟ್ಟಿ ಅರ್ಧ ನಿಮಿಷವೂ ಆಗದ ಪ್ರಕಾಶರಿಗೆ ಪೂರ್ತಿ ಟಿಕೆಟ್ ಹಣ ಕೊಟ್ಟೆ.

ಹತ್ತುವುದು ಸುಖವಾಗಿಯೇ ಇತ್ತು, ನಶ್ಯವೊಂದನ್ನು ಬಿಟ್ಟರೆ. ಬೂಟಿನೊಳಗಿನ ಕಾಲು ಬೆವರಿದಂತೆಲ್ಲ ಅದರ ಘಾಟು ಮೇಲೇರಿ, ಹತ್ತು ಹೆಜ್ಜೆಗೊಮ್ಮೆ ನನಗೆ ಸೀನು. ಕಾಡಿನಲ್ಲಿ ಆನೆಗೆ ನಮ್ಮ ಬರವು ಮೊದಲೇ ತಿಳಿದಿರಬೇಕು, ತಿರುವಿನಲ್ಲಿ ಅದನ್ನು ಬೆಚ್ಚಿಬೀಳಿಸಬಾರದು ಎನ್ನುತ್ತಾರೆ. ಆ ಮಟ್ಟಿಗೆ ಅಂದು ಕಕ್ಕಬ್ಬೆಯ ಆನೆಗಳಿಗೆ ನನ್ನಿಂದ ಯಾವ ಅನ್ಯಾಯವೂ ಆಗಲಿಲ್ಲ. ಇಂಬಳಗಳು ಮಾತ್ರ ಸೀನಿಗೆ ಹೆದರುವ ಜಾತಿಯವಲ್ಲ. ದಾರಿ ನಡುವಿನ ದೊಡ್ಡ ಬಂಡೆಯ ಬಳಿ ಕುಳಿತು ನೋಡಿದರೆ, ನಶ್ಯವಿದ್ದ ಕಾಲುಚೀಲವನ್ನು ಮರ್ಯಾದೆಯಿಂದ ದಾಟಿ ಮೊಣಕಾಲಿನ ಹಿಂದೆ ಎರಡು ಇಂಬಳ ದ್ರಾಕ್ಷಿಯಂತೆ ಊದಿಕೊಂಡು ತೂಗುತ್ತಿದ್ದವು. ಉಪ್ಪು ಮುಟ್ಟಿಸಿದೊಡನೆ ಉದುರಿದವು. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅವು ಮೊದಲೇ ಬಿಟ್ಟಿರುವುದರಿಂದ ಗಾಯ ಮಾತ್ರ ಬಹಳ ಹೊತ್ತು ಸೋರುತ್ತಲೇ ಇತ್ತು.

ಅಷ್ಟರಲ್ಲಿ ಹುಡುಗರು ಬಂದರು. "ಅಕ್ಕಾ, ರಕ್ತ ಬರ್ತಿದೆ. ಅಣ್ಣ ಎಲ್ಲಿ?" ಎಂದ ಸ್ಪೀಕರಿನವನು. ಅಣ್ಣ ಹಿಂದೆ ಇದ್ದಾರೆಂದೆ. "ನಾವು ಹಿಂದಿಂದಾನೇ ಬಂದ್ವಲ್ಲ, ಯಾರೂ ಕಾಣ್ಲಿಲ್ಲ." ಅವರು ಸ್ವಲ್ಪ ನಿಧಾನ, ಮಂಡಿ ನೋವು ಎಂದು ಪ್ರಕಾಶರಿಗೆ ಕಾಯಿಲೆಯನ್ನೂ ದಯಪಾಲಿಸಿದೆ. ಸುಳ್ಳಿಗೆ ಒಮ್ಮೆ ಮಂಡಿ ಬಂದ ಮೇಲೆ ಅದು ತಾನೇ ನಡೆಯತೊಡಗುತ್ತದೆ.

ಕೊನೆಯ ಏರು ಶೋಲಾ ಕಾಡಿನೊಳಗೆ, ಬೇರುಗಳನ್ನು ಹಿಡಿದು ಹತ್ತುವಷ್ಟು ಕಡಿದು. ಅಲ್ಲಿಯೇ ಎಲ್ಲಿಯೋ ಸೊಂಟದ ಪಟ್ಟಿ ಬಿಗಿದು ಜೇಬಿನಲ್ಲಿದ್ದ ಫೋನಿನ ಗುಂಡಿಯನ್ನು ಮೂರು ಸಲ ಒತ್ತಿರಬೇಕು. ಕಾಡಿನಲ್ಲಿ ಸಿಗ್ನಲ್ ಇಲ್ಲದೆ ಒಳಗೇ ಕುಳಿತಿದ್ದ ಸಂದೇಶವು, ತುದಿಗೆ ತಲುಪಿ ಗಾಳಿ ತಗುಲಿದೊಡನೆ ತಾನಾಗಿ ಹೊರಟು, "ನಾನು ಅಪಾಯದಲ್ಲಿದ್ದೇನೆ" ಎಂದು ಅಮ್ಮನಿಗೆ ತಿಳಿಸಿತು. ನಾನಾಗ ಬಂಡೆಯ ಮೇಲೆ ಕುಳಿತು ಕಿತ್ತಳೆ ಸುಲಿಯುತ್ತಿದ್ದೆ. ಅಮ್ಮನ ಕರೆ ಬಂತು, "ಎಲ್ಲಿದೀಯೇ" ಎಂಬಲ್ಲಿಗೆ ಕಡಿಯಿತು, ಅದರ ಹಿಂದೆಯೇ ಮಂಜು ಕವಿಯಿತು.

ನನಗಿಂತ ಮೊದಲು ಇಳಿದ ಹುಡುಗರು ದಾರಿಯುದ್ದಕ್ಕೂ ಮಂಡಿನೋವಿನ ಮನುಷ್ಯನನ್ನು ಹುಡುಕಿದ್ದಾರೆ. ಹುಲ್ಲುಗಾವಲಿನಲ್ಲಿ ದಾರಿಯಿಂದ ಕವಲೊಡೆಯುವ ಕಾಲುಹಾದಿಗಳಿವೆ, ಮಂಜಿನಲ್ಲಿ ಅವೇ ನಿಜವಾದ ದಾರಿಯಂತೆ ಕಾಣುತ್ತವೆ. ಅಣ್ಣ ಅಂಥ ಯಾವುದರಲ್ಲಿಯೋ ಇಳಿದಿರಬೇಕೆಂದು ಅವರು ನಿಶ್ಚಯಿಸಿದರು. ನಾನು ಬರುವಷ್ಟರಲ್ಲಿ ಬೆಟ್ಟದ ನಾಲ್ಕು ದಿಕ್ಕಿನಿಂದಲೂ "ಪ್ರಕಾಶಣ್ಣಾ... ಓ ಪ್ರಕಾಶಣ್ಣಾ..." ಎಂಬ ಕೂಗು ಕೇಳಿಬರುತ್ತಿತ್ತು. ಬೆಳಿಗ್ಗೆ ಯಾರಿಗೆ ಹೆದರಿ ನಾನು ಗಂಡನನ್ನು ಹುಟ್ಟಿಸಿದ್ದೆನೋ ಅವರೇ ಮುಳ್ಳಿನಲ್ಲಿ ಕೈ ತರಚಿಕೊಂಡು ಅವನನ್ನು ಹುಡುಕುತ್ತಿದ್ದರು. ನಿಜ ಹೇಳಲು ಬಾಯಿ ಬರಲಿಲ್ಲ. ಅವರು ಆಗಲೇ ಕೆಳಗಿಳಿದರಂತೆ, ಮೆಸೇಜ್ ಬಂತು, ಎಂದೆ. ಹುಡುಗರು ದೇವರಿಗೆ ಕೈ ಮುಗಿದರು. ಒಬ್ಬ ನನ್ನ ಚೀಲವನ್ನೂ ಹೊತ್ತ.

ಚೆಕ್‌ಪೋಸ್ಟಿಗೆ ಬಂದಾಗ ಅಮ್ಮನ ಕರೆ ಮತ್ತೆ ಬಂತು. ಏನೂ ಆಗಿಲ್ಲ, ಗುಂಡಿ ಒತ್ತಿಹೋಯಿತು ಎಂದು ಅವಳಿಗೆ ತಿಳಿಹೇಳುತ್ತಿರುವಾಗಲೇ ಗಾರ್ಡ್ ರಿಜಿಸ್ಟರ್ ಹಿಡಿದು ಎದುರಿಗೆ ನಿಂತರು.

"ಮೇಡಂ, ನಿಮ್ಮ ಯಜಮಾನ್ರು ಎಲ್ಲಿ? ಕೆಳಗೆ ಯಾರೂ ಬಂದಿಲ್ಲ."

ಆ ಕಡೆ ಅಮ್ಮನ ಮಾತು ನಿಂತಿತು.

ಎಲ್ಲವನ್ನೂ ಅಲ್ಲಿಯೇ ಒಪ್ಪಿಕೊಂಡೆ. ಹುಡುಗರು ನನ್ನ ಮುಖ ನೋಡದೆ ತಮ್ಮ ಬೂಟುಗಳಲ್ಲಿ ಇಂಬಳ ಹುಡುಕತೊಡಗಿದರು. ಗಾರ್ಡ್ ರೇಗಲಿಲ್ಲ, ರೇಗಿದ್ದರೆ ಚೆನ್ನಾಗಿತ್ತು. "ಮೇಡಂ, ದಾರೀಲಿ ಸಿಗೋರಿಗೆ ನೀವು ಏನು ಬೇಕಾದ್ರೂ ಹೇಳಿ, ನಮ್ಮ ಹೆಣ್ಮಕ್ಕಳಿಗೂ ಅದನ್ನೇ ಹೇಳ್ಕೊಡ್ತೀವಿ. ಈ ಪುಸ್ತಕಕ್ಕೆ ಮಾತ್ರ ಹೇಳ್ಬೇಡಿ. ಸಂಜೆ ನಾವು ಇದನ್ನು ನೋಡಿಯೇ ತಲೆ ಎಣಿಸೋದು. ಒಂದು ಕಮ್ಮಿ ಬಂದ್ರೆ ಟಾರ್ಚ್ ಹಿಡ್ಕೊಂಡು ಆನೆ ದಾರೀಲಿ ಹೋಗೋರು ನಾವು. ಬರೆಯುವಾಗ ಯಾರಾದ್ರೂ ಹಿಂದೆ ನಿಂತಿದ್ರೆ ನನಗೆ ಸನ್ನೆ ಮಾಡಿ, ಅವರನ್ನು ಆಚೆ ಕಳಿಸ್ತೀನಿ." 2ನ್ನು ಹೊಡೆದು 1 ಮಾಡಿ, ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡರು. ಪ್ರಕಾಶರ ಟಿಕೆಟ್ ಹಣ ವಾಪಸ್ ಬರುವುದಿಲ್ಲವೆಂದೂ ತಿಳಿಸಿದರು.

ಫೋನ್ ಇನ್ನೂ ಕೈಯಲ್ಲಿಯೇ ಇತ್ತು. ಕರೆ ಕಡಿದಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ಕಿವಿಗಿಟ್ಟುಕೊಂಡರೆ, ಅಮ್ಮನ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

"ಆಯ್ತು ಬಿಡು, ನಾನು ಅಪ್ಪಂಗೆ ಹೇಳಲ್ಲ. ಆ ಪ್ರಕಾಶ ಯಾವ ಊರಿನವರೇ?"